ಎಂಟನೆಯ ದಬ್ಬಳ

ಆ ಮನೆಯಲ್ಲಿ ಗಡಿಯಾರಕ್ಕಿಂತ ಅಜ್ಜಿಯ ಬಾಯಿಗೇ ಹೆಚ್ಚು ಮರ್ಯಾದೆ. ಬೆಳಗಾಗುತ್ತಲೇ ಅಜ್ಜಿ ಮುಖ ತೊಳೆದು ಕಿಟಕಿಯ ಪಕ್ಕದ ಮಣೆಯ ಮೇಲೆ ಕೂತು, ಪದ್ಯದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ದನಿ ತೆಗೆದರೆ ಮನೆಯ ಚಕ್ರ ತಿರುಗಲು ಶುರು. ಮೂರನೆಯ ಪದ್ಯ ಮುಗಿಯುವ ಹೊತ್ತಿಗೆ ಹಾಲು ಉಕ್ಕಲು ಬಂದಿರುತ್ತಿತ್ತು, ಸೊಸೆ ಕೈ ಚಾಚಿ ಒಲೆ ಆರಿಸುತ್ತಿದ್ದಳು. ಏಳನೆಯದಕ್ಕೆ ಮೊಮ್ಮಗಳು ಬಚ್ಚಲಿನಿಂದ ಹೊರಗೆ ಬಂದಿರಬೇಕು, ಇಲ್ಲದಿದ್ದರೆ ಕಾಲೇಜಿನ ಬಸ್ಸು ಅವಳನ್ನು ಬಿಟ್ಟು ಹೋಯಿತೆಂದೇ ಅರ್ಥ. ಕೊನೆಯ ಪದ್ಯದ ಕೊನೆಯ ಸಾಲಿಗೆ ಸರಿಯಾಗಿ ಮಗ ಬೂಟಿನ ದಾರ ಬಿಗಿದು ಏಳುತ್ತಿದ್ದರು. ಎಷ್ಟೋ ವರ್ಷದಿಂದ ಹೀಗೇ. ಆ ಮನೆಯಲ್ಲಿ ಪದ್ಯದ ಅರ್ಥದ ಬಗ್ಗೆ ಯಾರೂ ತಲೆ ಕೆಡಿಸಿಕೊಂಡವರಲ್ಲ. ಅದರ ನಡಿಗೆ ಮಾತ್ರ ಎಲ್ಲರ ಕೈಕಾಲಿಗೂ ಹತ್ತಿಹೋಗಿತ್ತು.

ಮಗನನ್ನು ಬೀದಿಯವರು ಮೇಷ್ಟ್ರು ಅನ್ನುತ್ತಿದ್ದರು. ಅವರು ಕಲಿಸುತ್ತಿದ್ದದ್ದು ಸೆರೆಮನೆಯಲ್ಲಿ. ಶಿಕ್ಷೆ ಮುಗಿಸಿ ಹೊರಗೆ ಬರುವವರ ಕೈಯಲ್ಲಿ ಒಂದು ಕಸುಬು ಇರಲಿ ಎಂದು ನಡೆಸುವ ತರಗತಿಗಳಲ್ಲಿ ಪುಸ್ತಕ ಕಟ್ಟುವುದೂ ಒಂದು. ಉದ್ದನೆಯ ಒಂದು ಕೋಣೆ, ಎತ್ತರದಲ್ಲಿ ಮೂರು ಕಿಟಕಿ, ನಾಲ್ಕು ಮೇಜು, ಅಂಟಿನ ವಾಸನೆ. ಗೋಡೆಗೆ ಒಂದು ಹಲಗೆ. ಹಲಗೆಯ ಮೇಲೆ ಪ್ರತಿ ಸಲಕರಣೆಯ ಆಕಾರವನ್ನೂ ಕಪ್ಪು ಬಣ್ಣದಲ್ಲಿ ಬರೆದಿತ್ತು: ಕತ್ತರಿ, ಸುತ್ತಿಗೆ, ಅಳತೆಯ ಪಟ್ಟಿ, ಮಾಮೂಲಿ ಸೂಜಿಗೆ ದೊಡ್ಡಪ್ಪನಂತಿರುವ ದಬ್ಬಳ ಎಂಟು. ಕೆಲಸ ಮುಗಿದ ಮೇಲೆ ಆಯಾ ವಸ್ತು ಆಯಾ ನೆರಳಿನ ಮೇಲೆ ಕೂರಬೇಕು. ಒಂದು ನೆರಳು ಬರಿದಾಗಿ ಕಂಡರೂ ಬಾಗಿಲು ತೆರೆಯುವುದಿಲ್ಲ.

ಈ ಅಭ್ಯಾಸವನ್ನು ಮೇಷ್ಟ್ರು ಮನೆಗೂ ಹೊತ್ತು ತಂದಿದ್ದರು. ಅಡಿಗೆಮನೆಯ ಗೋಡೆಗೂ ಒಂದು ಹಲಗೆ ಹೊಡೆದು ಸೌಟು, ಜಾಲರಿ, ಚಾಕುಗಳ ಆಕಾರ ಬರೆದಾಗ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ನಾನೇನು ಸೌಟು ಕದ್ದು ಗೋಡೆ ಹಾರ್ತೀನಾ? ದಿನಾ ಸಾಯಂಕಾಲ ನನ್ನನ್ನೂ ಎಣಿಸಿ ಒಳಗೆ ಹಾಕ್ತೀರೋ ಹೇಗೆ?"

ಅವಳಿಗೆ ಆ ಕೆಲಸ ಎಂದೂ ಹಿಡಿಸಿರಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದಿನಕ್ಕೆ ನೂರಾರು ಹಾಸುಬಟ್ಟೆ ಮಡಿಸಿ ಬರುವವಳು ಅವಳು. ಕೊಳೆ ಎಲ್ಲಿಂದ ಬರುತ್ತದೆ, ಎಷ್ಟು ಒಗೆದರೆ ಹೋಗುತ್ತದೆ ಎಂಬುದರಲ್ಲಿ ಅವಳದು ಖಚಿತ ಅಭಿಪ್ರಾಯ. ಮಗಳಂತೂ ಕಾಲೇಜಿನಲ್ಲಿ "ಅಪ್ಪ ಪ್ರೆಸ್ಸಿನಲ್ಲಿದ್ದಾರೆ" ಎಂದು ಹೇಳಿ ಮುಗಿಸಿದ್ದಳು. ಮೇಷ್ಟ್ರಿಗೆ ಅದು ಗೊತ್ತಿತ್ತು. ಕೇಳಲು ಹೋಗಿರಲಿಲ್ಲ.

ಪುಸ್ತಕದ ಮಾತೆತ್ತಿದವಳು ಹೆಂಡತಿಯೇ. ಅಜ್ಜಿಯ ಪದ್ಯದ ಪುಸ್ತಕ ಅವರಪ್ಪ ಕೊಟ್ಟದ್ದು. ಬೆನ್ನು ಬಿಟ್ಟು, ಹಾಳೆಗಳು ಒಂದೊಂದಾಗಿ ಜಾರುತ್ತಿದ್ದವು. "ಕಂಡಕಂಡ ಪುಸ್ತಕಕ್ಕೆಲ್ಲ ಬೆನ್ನು ಕಟ್ಟಿಸ್ತೀರಿ. ಹೆತ್ತ ತಾಯಿ ಪುಸ್ತಕ ಮಾತ್ರ ಬೆನ್ನು ಮುರಿದು ಬಿದ್ದಿರಲಿ!"

ಮೇಷ್ಟ್ರು ಅನುಮತಿ ಪಡೆದು, ಬಾಗಿಲಲ್ಲಿ ಬರೆಸಿ, ಒಂದು ಗುರುವಾರ ಅದನ್ನು ತರಗತಿಗೆ ತೆಗೆದುಕೊಂಡು ಹೋದರು. ಹಳೆಯ ಪುಸ್ತಕ ಹೊಲಿಯುವುದನ್ನು ತೋರಿಸಲು ಅದಕ್ಕಿಂತ ಒಳ್ಳೆಯ ಪಾಠ ಇರಲಿಲ್ಲ. ಹೊಲಿಯಲು ಕೊಟ್ಟದ್ದು ಅಳತೆಯ ಕೈಗೆ. ಅಳತೆ ಎಂದರೆ ಅಡ್ಡಹೆಸರು. ಮೂವತ್ತೈದರ ಆಸುಪಾಸಿನ ಆ ಮನುಷ್ಯ ಏನನ್ನೂ ಎರಡು ಸಲ ಅಳೆಯದೆ ಕತ್ತರಿಸುತ್ತಿರಲಿಲ್ಲ. ಏನು ಮಾಡಿ ಒಳಗೆ ಬಂದನೆಂದು ಮೇಷ್ಟ್ರು ಕೇಳಿರಲಿಲ್ಲ, ಯಾರನ್ನೂ ಕೇಳುತ್ತಿರಲಿಲ್ಲ. ಸನ್ನಡತೆಯ ಪಟ್ಟಿಯಲ್ಲಿ ಅವನ ಹೆಸರಿತ್ತು. ಇನ್ನೆರಡು ವಾರಕ್ಕೆ, ಸರಿಯಾಗಿ ಗುರುವಾರವೇ, ಬಿಡುಗಡೆ. ಅವನ ಅಕ್ಕನ ಮನೆ ಹತ್ತಿರದ ಪ್ರೆಸ್ಸಿನಲ್ಲಿ ಮೇಷ್ಟ್ರೇ ಕೆಲಸವನ್ನೂ ಹೇಳಿಟ್ಟಿದ್ದರು.

"ಮೊದಲ ಮಡಿಕೆ ನಿಧಾನ," ಎಂದು ಮೇಷ್ಟ್ರು ಎಲ್ಲರಿಗೂ ಹೇಳುವುದನ್ನೇ ಅಂದೂ ಹೇಳಿದರು. "ಒಂದ್ಸಲ ತಪ್ಪಾಗಿ ಮಡಿಸಿದ್ರೆ ಕಾಗದ ಅದನ್ನ ಮರೆಯಲ್ಲ."

ಅಳತೆ ಮಧ್ಯಾಹ್ನದವರೆಗೆ ಬಗ್ಗಿದ ತಲೆ ಎತ್ತದೆ ಹೊಲಿದ. ನಡುವಿನ ಮಡಿಕೆಯ ಗಂಟು ಸಡಿಲವೋ ಎಂದು ಮೇಷ್ಟ್ರಿಗೆ ಅನುಮಾನ ಬಂತು. ಪುಸ್ತಕ ತೆಗೆದುಕೊಂಡು ತಾವೇ ನೋಡಿದರು, ಸರಿಯಾಗಿತ್ತು, ಮೆಚ್ಚಿದರು. ಬೆನ್ನಿಗೆ ಅಂಟು ಬಳಿದು, ಹೊಸ ರಟ್ಟು ಹಾಕಿ, ಎರಡು ಹಲಗೆಯ ನಡುವೆ ಇಟ್ಟು ದಾರದಿಂದ ಬಿಗಿದರು. ಹಸಿ ಅಂಟಿನ ಪುಸ್ತಕವನ್ನು ಬೆಳಗಾಗುವವರೆಗೆ ತೆರೆಯುವ ಹಾಗಿಲ್ಲ.

ಸಂಜೆ ಎಣಿಸುವಾಗ ದಬ್ಬಳ ಏಳು.

ಮೇಜಿನ ಕೆಳಗೆ, ಅಂಟಿನ ಡಬ್ಬಿಯಲ್ಲಿ, ಕಸದ ಬುಟ್ಟಿಯಲ್ಲಿ ಹುಡುಕಿದರು. ತರಗತಿಯ ಹನ್ನೊಂದು ಜನರನ್ನೂ ಸಾಲಾಗಿ ನಿಲ್ಲಿಸಿ ಬಟ್ಟೆ ಬಿಚ್ಚಿಸಿ ನೋಡಿದರು. ದಬ್ಬಳ ಅಂದರೆ ಹೊರಗಿನವರಿಗೆ ಸೂಜಿ. ಒಳಗೆ ಅದಕ್ಕೆ ಬೇರೆಯದೇ ಬೆಲೆ.

"ಕೊನೆಗೆ ಯಾರ ಹತ್ತಿರ ಇತ್ತು?" ಎಂದು ಕೇಳಿದವನು ಬೀಗದ ಗೊಂಚಲು ಹಿಡಿದು ಓಡಾಡುವ ಕಾವಲುಗಾರ. ಎಲ್ಲರ ಬಾಯಲ್ಲಿ ಅವನು ಬೀಗದಣ್ಣ.

"ನಿಮ್ಮ ಕೈಗೇ ಕೊಟ್ಟೆ ಸಾರ್," ಎಂದ ಅಳತೆ, ಮೇಷ್ಟ್ರನ್ನೇ ನೋಡುತ್ತ.

"ವಾಪಸ್ ಕೊಟ್ಟೆನಲ್ಲಯ್ಯ," ಎಂದರು ಮೇಷ್ಟ್ರು. ಕೊಟ್ಟ ನೆನಪು ಅವರಿಗೆ ಸ್ಪಷ್ಟವಾಗಿಯೇ ಇತ್ತು. ಅಲ್ಲಿ ಕಲಿಸಿದ ಒಂಬತ್ತು ವರ್ಷದಲ್ಲಿ ಅವರು ವಾಪಸ್ ಕೊಡದೆ ಇದ್ದದ್ದೇ ಇಲ್ಲ.

ಹೊರಬಾಗಿಲಲ್ಲಿ ಮೇಷ್ಟ್ರನ್ನೂ ತಡವಿ ನೋಡಿದರು. ಲೋಹ ಕಂಡರೆ ಕೂಗುವ ಚೌಕಟ್ಟಿನೊಳಗೆ ಅವರು ನಡೆದು ಬಂದರು. ಪುಸ್ತಕವನ್ನು ಮಾತ್ರ ಬೀಗದಣ್ಣ ಚೌಕಟ್ಟಿನ ಆಚೆಯಿಂದ ಕೈಯಲ್ಲೇ ದಾಟಿಸಿದ. "ದೇವರ ಪುಸ್ತಕ ಅಲ್ವಾ ಮೇಷ್ಟ್ರೇ," ಎಂದು ಹಲಗೆ ಸಮೇತ ಕಣ್ಣಿಗೊತ್ತಿಕೊಂಡು ಕೊಟ್ಟ.

ಮರುದಿನ ಬೆಳಿಗ್ಗೆ ಅಜ್ಜಿ ದಾರ ಬಿಚ್ಚಿ, ಹೊಸ ರಟ್ಟನ್ನು ಸವರಿ, ಹಳೆಯ ನೆಂಟರು ಬಂದಷ್ಟು ಸಂತೋಷಪಟ್ಟರು. ಮೇಷ್ಟ್ರು ಬೂಟು ಹಾಕಿಕೊಳ್ಳುತ್ತಲೇ ಕೇಳಿದರು: "ಅಮ್ಮಾ, ಅದರೊಳಗೆ ಒಂದು ದಬ್ಬಳ ಏನಾದ್ರೂ ಸೇರ್ಕೊಂಡಿದ್ಯಾ, ಹಾಳೆ ತಿರುಗಿಸಿ ನೋಡು."

ಅಜ್ಜಿ ಹಾಳೆಗಳನ್ನು ಹೆಬ್ಬೆರಳಿನಿಂದ ಸರ್ರೆಂದು ಬಿಟ್ಟರು. "ಏನೂ ಇಲ್ಲಪ್ಪ."

"ಸರಿಯಾಗಿ ನೋಡಿದ್ಯಾ?"

"ದಿನಾ ಓದೋ ಪುಸ್ತಕ ಕಣೋ. ಅದರಲ್ಲಿ ಏನಿದೆ ಏನಿಲ್ಲ ಅಂತ ನನಗೆ ನೀನು ಹೇಳ್ಕೊಡ್ತೀಯಾ?"

ಮೇಷ್ಟ್ರು ಹೊರಟರು. ವಿಚಾರಣೆಯಲ್ಲಿ ಬರೆದುಕೊಟ್ಟದ್ದು ಎರಡೇ ಸಾಲು. ದಬ್ಬಳ ಕೊನೆಗೆ ಅಳತೆಯ ಕೈಯಲ್ಲಿತ್ತು. ಹೊರಗೆ ಹೋದ ಪುಸ್ತಕದಲ್ಲಿ ಇಲ್ಲವೆಂದು ನೋಡಲಾಗಿದೆ. ಮುಂದಿನ ವಾರ ಪಟ್ಟಿಯಿಂದ ಅಳತೆಯ ಹೆಸರು ಹೋಯಿತು. ಹೆಸರು ಹೋದರೆ ಇನ್ನು ಹದಿನಾಲ್ಕು ತಿಂಗಳು ಒಳಗೇ.

ಆ ರಾತ್ರಿಯ ಊಟಕ್ಕೆ ಆಲೂಗಡ್ಡೆ ಬೇಯಿಸಿತ್ತು. ಉಪ್ಪು ವಿಪರೀತ.

"ಅತ್ತೆ, ನಾನು ಹಾಕಿದ್ದೆ. ನೀವೂ ಹಾಕಿದ್ರಾ?"

"ಹಾಕಿದ್ದೀನಿ ಅಂತ ಹೇಳ್ಬೇಕಪ್ಪ ಮೊದಲೇ."

"ಡಬ್ಬದ ಮುಚ್ಚಳ ತೆಗೆದಿಟ್ಟಿದ್ದೆ, ಕಾಣಿಸ್ಲಿಲ್ವಾ?"

"ಈ ಅಡಿಗೆಮನೆ ಬಲ್ಬಿಗೆ ಜೀವವೇ ಇಲ್ಲ. ಬದಲಾಯಿಸಿ ಅಂತ ಎಷ್ಟು ದಿನದಿಂದ ಬಡ್ಕೊಳ್ತಿದೀನಿ," ಎಂದರು ಅಜ್ಜಿ.

ಬಲ್ಬನ್ನು ಹೋದ ತಿಂಗಳೇ ಬದಲಾಯಿಸಿತ್ತು. ಯಾರೂ ಅದನ್ನು ಎತ್ತಿ ಆಡಲಿಲ್ಲ. ಹೆಂಡತಿಯ ಗಮನ ಬೇರೆ ಕಡೆ ಇತ್ತು. "ಏನಂತೆ ನಿಮ್ಮ ಶಿಷ್ಯ? ಒಪ್ಕೊಂಡನಾ?"

"ಇಲ್ಲ."

"ಒಪ್ಕೊಳ್ತಾನಾ ಮತ್ತೆ! ಚಿನ್ನದಂಥ ಕೈ, ಚಿನ್ನದಂಥ ಕೈ ಅಂತ ಈ ಮನೇಲಿ ಅವನ ಭಜನೆ ಕೇಳಿ ಕೇಳಿ ಸಾಕಾಗಿತ್ತು. ಆ ಚಿನ್ನದ ಕೈ ದಬ್ಬಳ ನುಂಗಿ ನೀರು ಕುಡೀತು."

"ಬಿಡಮ್ಮ," ಎಂದಳು ಮಗಳು.

"ನೀನ್ಯಾಕೆ ಅವನ ಪರ? ನಿಮ್ಮಪ್ಪ ಪ್ರೆಸ್ಸಲ್ಲಿದಾರಲ್ಲ."

ಮಗಳು ತಟ್ಟೆ ಎತ್ತಿಕೊಂಡು ಎದ್ದುಹೋದಳು. ಮೇಷ್ಟ್ರು ಉಪ್ಪಿನ ಆಲೂಗಡ್ಡೆಯನ್ನು ತಿಂದು ಮುಗಿಸಿದರು. ಹೆಂಡತಿ ಅಂದದ್ದೇ ಅವರಿಗೂ ಅನ್ನಿಸಿತ್ತು. ನೋವಾದದ್ದು ಅದಕ್ಕೇ.

ಅಳತೆಯನ್ನು ತರಗತಿಯಿಂದ ತೆಗೆದು ಅಂಗಳ ಗುಡಿಸಲು ಹಾಕಿದ್ದರು. ಮೇಷ್ಟ್ರು ದಿನಾ ಅದೇ ಅಂಗಳ ದಾಟಬೇಕು. ಅವನು ಉದ್ದನೆಯ ಪೊರಕೆ ಹಿಡಿದು ಗೋಡೆಯಿಂದ ಗೋಡೆಗೆ ಸಮನಾದ ಪಟ್ಟಿಗಳಲ್ಲಿ ಗುಡಿಸುತ್ತಿದ್ದ, ಗೆರೆ ಹಾಕಿಟ್ಟ ಹಾಗೆ. ಮೊದಲಾದರೆ "ನಮಸ್ಕಾರ ಸಾರ್" ಅನ್ನುತ್ತಿದ್ದವನು ಈಗ ಪೊರಕೆ ನಿಲ್ಲಿಸಿ, ಅವರು ದಾಟುವವರೆಗೆ ಕಾದು, ಅವರ ಹೆಜ್ಜೆಯ ಗುರುತಿನ ಮೇಲೆ ಮತ್ತೆ ಒಂದು ಸಲ ಗುಡಿಸುತ್ತಿದ್ದ. ಬಿಡುಗಡೆಯಾಗಬೇಕಿದ್ದ ಗುರುವಾರವೂ ಹಾಗೇ ಗುಡಿಸಿದ.

ಮೂರನೆಯ ಭಾನುವಾರ ಎಲ್ಲರೂ ಮನೆಯಲ್ಲಿದ್ದರು. ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದಳು, ಮಗಳು ಕೂದಲು ಒಣಗಿಸುತ್ತ ಬಾಗಿಲಿಗೊರಗಿ ನಿಂತಿದ್ದಳು. ಮೇಷ್ಟ್ರು ಕಿತ್ತುಹೋದ ಬಕೆಟ್ಟಿನ ಹಿಡಿಕೆಗೆ ತಂತಿ ಸುತ್ತುತ್ತಿದ್ದರು. ಅಜ್ಜಿಯ ದನಿ ಹದವಾಗಿ ಏರಿ ಇಳಿದು ನಡೆಯುತ್ತಿತ್ತು. ಹನ್ನೊಂದನೆಯ ಪದ್ಯದ ನಡುವೆ ನಿಂತಿತು.

ಮೊದಲು ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ನಡೆಯುತ್ತಿದ್ದ ಬಸ್ಸು ರಸ್ತೆಯ ಮಧ್ಯೆ ನಿಂತಾಗ ಎಚ್ಚರವಾಗುವಂತೆ ಮೂವರೂ ತಲೆ ಎತ್ತಿದರು. ಅಜ್ಜಿ ಹಿಂದಿನ ಸಾಲನ್ನು ಮತ್ತೆ ಹೇಳಿದರು. ನಿಂತರು. ಅದರ ಹಿಂದಿನಿಂದ ಓಡಿಬಂದು ಹಾರಲು ನೋಡಿದರು. ಅಲ್ಲೇ ನಿಂತರು. ಪುಸ್ತಕ ತೊಡೆಯ ಮೇಲೆ ಮುಚ್ಚಿಯೇ ಇತ್ತು.

"ಪುಸ್ತಕ ಕೈಯಲ್ಲೇ ಇದೆಯಲ್ಲ ಅಜ್ಜಿ, ನೋಡಿ ಹೇಳಿ," ಎಂದಳು ಮೊಮ್ಮಗಳು.

ಅಜ್ಜಿ ಮುಚ್ಚಿದ ರಟ್ಟನ್ನು ಬೆರಳಿನಿಂದ ಸವರಿದರು. ಆಮೇಲೆ ಪುಸ್ತಕವನ್ನು ಅವಳ ದನಿ ಬಂದ ಕಡೆಗೆ ಚಾಚಿದರು. "ನೀನೇ ನೋಡೇ ಪುಟ್ಟಿ. ಹನ್ನೊಂದನೇದು."

ಹುಡುಗಿ ತೆರೆದಳು. ತೆರೆಯಬೇಕಾಗಿಯೇ ಇರಲಿಲ್ಲ, ಪುಸ್ತಕ ತಾನಾಗಿ ನಡುವಿಗೆ ಬಿಚ್ಚಿಕೊಂಡಿತು. ಮಡಿಕೆಯ ಒಳಗೆ, ಬಿಳಿಯ ಹೊಲಿಗೆಯ ಪಕ್ಕದಲ್ಲಿ, ತಣ್ಣಗೆ ಮಲಗಿತ್ತು ದಬ್ಬಳ.

ಮೇಷ್ಟ್ರು ತಂತಿ ಬಿಟ್ಟು ಎದ್ದು ಬಂದರು. ಆ ಮಡಿಕೆ ನೋಡಿದ ಕೂಡಲೇ ಅವರ ಕೈಗೆ ಎಲ್ಲವೂ ನೆನಪಾಯಿತು. ಗಂಟು ಸಡಿಲವೋ ಎಂದು ನೋಡಿದ್ದು ಇದೇ ಮಡಿಕೆ. ದಬ್ಬಳದ ಮೊನೆಯಿಂದ ಗಂಟನ್ನು ಎತ್ತಿ ಪರೀಕ್ಷಿಸಿದ್ದು. "ಭೇಷ್" ಎಂದದ್ದು. ಬೆನ್ನು ತಟ್ಟಲು ಕೈ ಬೇಕಿತ್ತು, ದಬ್ಬಳವನ್ನು ಅಲ್ಲೇ ಇಟ್ಟದ್ದು.

"ಅಮ್ಮಾ, ನೋಡಿದೆ ಅಂದ್ಯಲ್ಲ!"

"ಕಾಣಿಸಿದ್ರೆ ತಾನೇ ನೋಡೋದು," ಎಂದರು ಅಜ್ಜಿ. "ಎರಡು ವರ್ಷ ಆಯ್ತು. ಬಾಗಿಲು ಎಲ್ಲಿದೆ, ಮನುಷ್ಯರು ಎಲ್ಲಿದಾರೆ ಅಷ್ಟು ಗೊತ್ತಾಗುತ್ತೆ. ಅಕ್ಷರ ಇಲ್ಲ."

"ಎರಡು ವರ್ಷ!" ಹೆಂಡತಿಯ ಕೈಯಲ್ಲಿ ಚಾಕು ಹಾಗೇ ನಿಂತಿತ್ತು. "ಮತ್ತೆ ದಿನಾ ಓದ್ತಿದ್ರಲ್ಲ?"

"ಬಾಯಿಗೆ ಬರುತ್ತಲ್ಲ ತಾಯಿ. ಕಣ್ಣಿಲ್ಲ ಅಂದ್ರೆ ನೀನು ಒಲೆ ಹತ್ತಿರ ಬಿಡ್ತಿದ್ಯಾ? ಮೂಲೇಲಿ ಕೂತ್ಕೊಳ್ಳಿ ಅತ್ತೆ, ನಿಮಗ್ಯಾಕೆ ಅತ್ತೆ, ಅಂತಿದ್ದೆ."

ಹೆಂಡತಿ ಹೆಚ್ಚಿದ ಈರುಳ್ಳಿಯನ್ನು ಚಾಕುವಿನಿಂದ ಒಂದು ಕಡೆ ಸರಿಸಿದಳು. ಅನ್ನುತ್ತಿದ್ದದ್ದು ನಿಜವೇ.

ಜಗಳ ಶುರುವಾದದ್ದು ಆಮೇಲೆ. ನಾಳೆಯೇ ಹೋಗಿ ಕೊಟ್ಟುಬಿಡುತ್ತೇನೆ ಎಂದರು ಮೇಷ್ಟ್ರು.

"ಕೊಟ್ಟು?" ಎಂದಳು ಹೆಂಡತಿ. "ಒಳಗಿನ ಸಾಮಾನು ನಾನೇ ಹೊರಗೆ ತಂದೆ, ಸುಳ್ಳು ಬರೆದುಕೊಟ್ಟೆ ಅಂತೀರಾ? ನಿಮ್ಮನ್ನ ಕೂರಿಸಿ ಮಾಲೆ ಹಾಕ್ತಾರಾ? ಕೆಲಸದಿಂದ ತೆಗೀತಾರೆ."

"ತೆಗೀಲಿ."

"ತೆಗೀಲಿ ಅಂತೆ! ಇವಳ ಓದು ಮುಗಿಯೋವರೆಗಾದ್ರೂ ಒಂದು ಕಡೆ ನಿಲ್ಲಬೇಕು ಅಂತ ಇಲ್ವಾ? ಅದನ್ನ ಚರಂಡಿಗೆ ಎಸೀರಿ. ಅವನು ಹೇಗೂ ಒಳಗಿದಾನೆ, ಏನೂ ಮಾಡ್ದೆ ಒಳಗೆ ಬಂದವನಲ್ಲ."

"ಇದನ್ನ ಮಾಡಿಲ್ಲ ಅಲ್ವಾ ಅಮ್ಮ. ಇದಕ್ಕೇ ಹದಿನಾಲ್ಕು ತಿಂಗಳು," ಎಂದಳು ಮಗಳು. ದಬ್ಬಳ ಅವಳ ಅಂಗೈಯಲ್ಲೇ ಇತ್ತು. ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದು ನಿಂತಿದ್ದಳು.

"ಹದಿನಾಲ್ಕು ತಿಂಗಳು ಯಾರಿಗೆ?" ಎಂದರು ಅಜ್ಜಿ ಇದ್ದಕ್ಕಿದ್ದಂತೆ. ಅವರಿಗೆ ಆ ಸಂಗತಿಯನ್ನು ಯಾರೂ ಸರಿಯಾಗಿ ಹೇಳಿರಲಿಲ್ಲ. ಮೇಷ್ಟ್ರು ಹೇಳಿದರು. ಅಜ್ಜಿ ಪುಸ್ತಕವನ್ನು ವಾಪಸ್ ಕೇಳಿ ತೆಗೆದುಕೊಂಡು, ಬಟ್ಟೆಯಲ್ಲಿ ಸುತ್ತಿ, ಕಪಾಟಿನೊಳಗೆ ಇಟ್ಟರು.

ಸೋಮವಾರ ಮೇಷ್ಟ್ರು ದಬ್ಬಳವನ್ನು ಮನೆಯಲ್ಲೇ ಬಿಟ್ಟು ಹೋದರು. ಮೊದಲು ಹವಾ ನೋಡೋಣ ಎಂದುಕೊಂಡರು. ಅಂಗಳದಲ್ಲಿ ಅಳತೆ ಪೊರಕೆ ನಿಲ್ಲಿಸಿದ, ಇವರು ದಾಟಿದರು, ಅವನು ಗುಡಿಸಿದ. ಸನ್ನಡತೆಯ ಸಮಿತಿ ಮತ್ತೆ ಸೇರುವುದು ಶುಕ್ರವಾರ ಎಂದು ಬೀಗದಣ್ಣನಿಂದ ತಿಳಿಯಿತು. ಅದು ತಪ್ಪಿದರೆ ಮುಂದಿನದು ಆರು ತಿಂಗಳಿಗೆ. ಮಂಗಳವಾರ ದಬ್ಬಳವನ್ನು ಜೇಬಿಗೆ ಹಾಕಿಕೊಂಡು ಹೊರಬಾಗಿಲವರೆಗೆ ಹೋದರು. ಚೌಕಟ್ಟು ಕಂಡೊಡನೆ ನಿಂತರು. ಮೈ ಸರಿಯಿಲ್ಲವೆಂದು ಹೇಳಿಕಳಿಸಿ ಮನೆಗೆ ತಿರುಗಿ ಬಂದರು.

ಮನೆಯಲ್ಲಿ ಯಾವುದೂ ಸರಿಯಿರಲಿಲ್ಲ. ಅಜ್ಜಿ ಬೆಳಿಗ್ಗೆ ಮುಖ ತೊಳೆದು ಮಣೆಯ ಮೇಲೆ ಕೂರುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ. "ಒಬ್ಬನ ತಲೆ ಮೇಲೆ ಸುಳ್ಳು ಹೊರಿಸಿದ ಬಾಯಿ ಇದು. ಇದರಿಂದ ಆ ಪದ್ಯ ಬರಬಾರದು," ಎಂದು ಒಂದೇ ಸಲ ಹೇಳಿದರು. ಸೋಮವಾರ ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಮಗಳು ಬಸ್ಸು ತಪ್ಪಿಸಿಕೊಂಡಳು. ಮಂಗಳವಾರ ಹೆಂಡತಿ ಗಡಿಯಾರ ನೋಡಿಕೊಂಡು ಒಲೆಯ ಮುಂದೆಯೇ ನಿಂತಳು. ಹಾಲು ಕಾಯುವ ಮೊದಲೇ ಆರಿಸಿದ್ದರಿಂದ ಚಹಾ ಹಸಿಹಸಿಯಾಯಿತು. ಗೋಡೆಯ ಗಡಿಯಾರ ಟಿಕ್ ಟಿಕ್ ಅನ್ನುವುದು ಆ ಮನೆಯವರಿಗೆ ಮೊದಲ ಸಲ ಕೇಳಿಸಿತು.

ಬುಧವಾರ ಹಾಲು ತಳ ಹತ್ತಿತು. ಹೆಂಡತಿ ಪಾತ್ರೆಯನ್ನು ದಬ್ಬೆಂದು ಇಳಿಸಿ, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಮೇಷ್ಟ್ರು ಒಂದು ಬೂಟು ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ಕೂತಿದ್ದರು.

"ಮೂರು ದಿನದಿಂದ ಈ ಮನೇಲಿ ಒಂದು ಲೋಟ ಹಾಲು ಸರಿಯಾಗಿ ಕಾದಿಲ್ಲ. ಹೋಗಿ ಹೇಳಿ ಬನ್ನಿ."

ಮೇಷ್ಟ್ರು ತಲೆ ಎತ್ತಿದರು.

"ಏನು ನೋಡ್ತೀರಿ? ಕೆಲಸ ಹೋದ್ರೆ ನಮ್ಮಲ್ಲಿಗೆ ಬನ್ನಿ, ಹಾಸುಬಟ್ಟೆ ಮಡಿಸೋರು ಬೇಕಂತೆ. ಮೊದಲ ಮಡಿಕೆ ನಿಧಾನ ಅಂತ ನನಗೂ ಹೇಳ್ಕೊಡಿ, ಇಪ್ಪತ್ತು ವರ್ಷದಿಂದ ತಪ್ಪೇ ಮಡಿಸ್ತಿದೀನೋ ಏನೋ." ಹೇಳಿ ಒಳಗೆ ಹೋದವಳು, ತಳ ಹತ್ತಿದ ಪಾತ್ರೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಉಜ್ಜಿದಳು.

ಬಾಗಿಲ ಬಳಿ ಅಜ್ಜಿ ಆಗಲೇ ಒಗೆದ ಸೀರೆಯುಟ್ಟು, ಚೀಲ ಹಿಡಿದು ನಿಂತಿದ್ದರು.

"ನೀನೆಲ್ಲಿಗಮ್ಮ?"

"ನೀನು ಕೈಯಿಂದ ಮಾಡಿದ್ದು ನೀನು ಹೇಳು. ನಾನು ಬಾಯಿಂದ ಮಾಡಿದ್ದು ನಾನು ಹೇಳ್ತೀನಿ."

ಮಗಳು ಕಾಲೇಜಿನ ಚೀಲ ಕೆಳಗಿಟ್ಟಳು. "ಮೆಟ್ಟಿಲು ಇರುತ್ತಲ್ಲ ಅಲ್ಲಿ? ಅಜ್ಜಿ ಕೈ ನಾನು ಹಿಡ್ಕೊಳ್ತೀನಿ." ಒಂಬತ್ತು ವರ್ಷದಲ್ಲಿ ಅವಳು ಸೆರೆಮನೆಯ ಗೋಡೆಯ ಹತ್ತಿರ ಹೋದವಳಲ್ಲ.

ಮುಖ್ಯ ಅಧಿಕಾರಿಯ ಕೋಣೆಯಲ್ಲಿ ಮೂರು ಕುರ್ಚಿ, ಫೈಲುಗಳ ಗೋಡೆ, ತಣ್ಣಗಾದ ಒಂದು ಲೋಟ ಚಹಾ. ಮೇಷ್ಟ್ರು ದಬ್ಬಳವನ್ನು ಮೇಜಿನ ಮೇಲಿಟ್ಟು ನಡೆದದ್ದನ್ನು ನಡೆದ ಹಾಗೆ ಹೇಳಿದರು. ಭಾನುವಾರ ಸಿಕ್ಕಿದ್ದು, ಇವತ್ತು ಬುಧವಾರ ಎಂಬುದನ್ನೂ ಬಿಡಲಿಲ್ಲ. ಅಧಿಕಾರಿ ದಬ್ಬಳವನ್ನು ಮುಟ್ಟದೆ ನೋಡಿದರು.

"ಯಾರನ್ನಾದ್ರೂ ಉಳಿಸೋಕೆ ಹೊರಗಿನಿಂದ ಒಂದು ದಬ್ಬಳ ಕೊಂಡು ತಂದಿರಬಹುದಲ್ಲ ಮೇಷ್ಟ್ರೇ? ಅಂಗಡೀಲಿ ಸಿಗುತ್ತೆ."

ಮೇಷ್ಟ್ರು ಇದನ್ನು ಯೋಚಿಸಿಯೇ ಇರಲಿಲ್ಲ. ಅಜ್ಜಿ ಚೀಲದಿಂದ ಪುಸ್ತಕ ತೆಗೆದು ಮುಂದಕ್ಕೆ ತಳ್ಳಿದರು. "ತೆರೆದು ನೋಡಪ್ಪ."

ಪುಸ್ತಕ ನಡುವಿಗೆ ಬಿಚ್ಚಿಕೊಂಡಿತು. ಎರಡೂ ಹಾಳೆಯಲ್ಲಿ, ಹೊಲಿಗೆಯ ಗುಂಟ, ತೆಳ್ಳನೆಯ ಉದ್ದನೆಯ ತಗ್ಗು ಬಿದ್ದಿತ್ತು. ಬಾಗಿಲಲ್ಲಿ ನಿಂತಿದ್ದ ಬೀಗದಣ್ಣ ಮುಂದೆ ಬಂದು, ಕೇಳದೆಯೇ ದಬ್ಬಳ ಎತ್ತಿ ಆ ತಗ್ಗಿನ ಮೇಲಿಟ್ಟ. ಹಲಗೆಯ ಮೇಲೆ ನೆರಳಿನಲ್ಲಿ ಕೂರುವಂತೆ ಕೂತಿತು.

"ಅವತ್ತು ನಾನೂ ತೆರೆದು ನೋಡ್ಬೇಕಿತ್ತು ಸಾರ್," ಎಂದ ಅವನು. "ಕಣ್ಣಿಗೊತ್ತಿಕೊಂಡೆ, ತೆರೀಲಿಲ್ಲ."

ಅಧಿಕಾರಿ ಬಹಳ ಹೊತ್ತು ಬರೆದರು. ಕೊನೆಗೆ ಕಾಗದವನ್ನು ಅಜ್ಜಿಯ ಕಡೆ ತಿರುಗಿಸಿದರು. "ಓದಿ ಸಹಿ ಹಾಕಿ."

"ಬೆರಳು ಹಿಡಿದು ಜಾಗ ತೋರಿಸಪ್ಪ," ಎಂದರು ಅಜ್ಜಿ. "ಕಣ್ಣು ಕಾಣದೋಳು ಕಂಡೆ ಅಂತ ಸುಳ್ಳು ಹೇಳಿದೆ, ಅಂತಲೂ ಬರೆದಿದ್ದೀಯೋ ಇಲ್ವೋ? ಇಲ್ಲದಿದ್ರೆ ಬರ್ಕೋ. ಆಮೇಲೆ ಹಾಕ್ತೀನಿ."

ಅದನ್ನೂ ಬರೆದರು. ಮೇಷ್ಟ್ರಿಗೆ ಅಂದಿನಿಂದಲೇ ತರಗತಿ ನಿಂತಿತು. ವಿಚಾರಣೆ ಮುಗಿಯುವವರೆಗೆ ಒಳಗೆ ಬರುವ ಹಾಗಿಲ್ಲ, ಮುಗಿದ ಮೇಲೂ ಏನೋ ಹೇಳಲಾಗದು. ಅಳತೆಯ ಹೆಸರು ಶುಕ್ರವಾರದ ಸಮಿತಿಗೆ ಹೋಯಿತು, ಪಟ್ಟಿಗೆ ವಾಪಸ್ ಬಂತು.

ಶನಿವಾರ ಮೇಷ್ಟ್ರು ಎರಡು ಬಸ್ಸು ಬದಲಾಯಿಸಿ ಅಳತೆಯ ಅಕ್ಕನ ಮನೆ ಹತ್ತಿರದ ಆ ಪ್ರೆಸ್ಸಿಗೆ ಹೋದರು. ಗುರುವಾರ ಬರಲಿಲ್ಲವೆಂದು ಬೇರೆಯವನನ್ನು ತೆಗೆದುಕೊಂಡಾಗಿತ್ತು. ಅವರು ಎಲ್ಲವನ್ನೂ ಹೇಳಿದರು. ಪ್ರೆಸ್ಸಿನ ಯಜಮಾನ ಕೇಳಿಸಿಕೊಂಡು, ಕತ್ತರಿಸುವ ಯಂತ್ರದ ಗದ್ದಲದ ನಡುವೆ ಕೂಗಿ ಹೇಳಿದ: "ಬರ್ಲಿ, ಒಂದು ವಾರ ಕೈ ನೋಡ್ತೀನಿ. ಮಾತು ಕೊಡಲ್ಲ."

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹೊರಬಾಗಿಲು ತೆರೆಯಿತು. ಅಳತೆ ಒಂದು ಬಟ್ಟೆಯ ಚೀಲ ಹಿಡಿದು ಹೊರಗೆ ಬಂದ. ಮೇಷ್ಟ್ರನ್ನು ಕಂಡು ನಿಂತ. ಹಿಂದೆ ಬೀಗದಣ್ಣ ಬಾಗಿಲು ಹಿಡಿದುಕೊಂಡಿದ್ದ.

"ಹನ್ನೊಂದು ದಿನ ಹೆಚ್ಚಾಯ್ತು ಸಾರ್," ಎಂದ ಅಳತೆ.

"ಹೌದು."

"ನಾನು ಕೊಟ್ಟಿದ್ದೆ."

ಮೇಷ್ಟ್ರು ಬೀಗದಣ್ಣನಿಗೂ, ರಸ್ತೆಯಾಚೆ ಬಸ್ಸಿಗೆ ಕಾಯುತ್ತಿದ್ದ ನಾಲ್ಕಾರು ಜನಕ್ಕೂ ಕೇಳುವ ಹಾಗೆ ಹೇಳಿದರು: "ಕೊಟ್ಟಿದ್ದೆ. ನನ್ನ ಕೈಗೇ ಕೊಟ್ಟಿದ್ದೆ. ಮರೆತವನು ನಾನು."

ಮೇಷ್ಟ್ರು ಪ್ರೆಸ್ಸಿನ ಮಾತು ಹೇಳಿ ಚೀಟಿ ಕೊಟ್ಟರು. ಅವನು ಚೀಟಿಯನ್ನು ಎರಡು ಸಲ ಓದಿ, ಅಂಚಿಗೆ ಅಂಚು ಕೂಡಿಸಿ ನಿಧಾನವಾಗಿ ಮಡಿಸಿ ಜೇಬಿಗಿಟ್ಟ. ಥ್ಯಾಂಕ್ಸ್ ಅನ್ನಲಿಲ್ಲ. ಹೊರಡಲು ತಿರುಗಿದವನು ಮತ್ತೆ ನಿಂತ.

"ಪುಸ್ತಕ ಹೇಗಿದೆ? ಚಪ್ಪಟೆಯಾಗಿ ತೆರ್ಕೊಳ್ಳುತ್ತಾ?"

"ತೆರ್ಕೊಳ್ಳುತ್ತೆ. ನಡುವೆ ದಬ್ಬಳದ ಗುರುತು ಉಳಿದಿದೆ. ಭಾರ ಹೇರಿ ನೋಡಿದೆ, ಹೋಗ್ಲಿಲ್ಲ."

"ಹೋಗಲ್ಲ ಸಾರ್. ಕಾಗದ ಮರೆಯಲ್ಲ ಅಂತ ನೀವೇ ಹೇಳ್ಕೊಟ್ಟಿದ್ದು."

ಬಸ್ಸು ಬಂತು. ಹೊರಡುವಾಗ ಎಲ್ಲ ಕಡೆಯೂ ಬರ್ತೀನಿ ಅನ್ನುವುದು ವಾಡಿಕೆ. ಆ ಬಾಗಿಲ ಮುಂದೆ ಮಾತ್ರ ಯಾರ ನಾಲಗೆಗೂ ಆ ಮಾತು ಬರುವುದಿಲ್ಲ. "ಹೋಗ್ತೀನಿ," ಎಂದ ಅಳತೆ. "ಹೋಗು," ಎಂದರು ಮೇಷ್ಟ್ರು. ಬೀಗದಣ್ಣ ಬಾಗಿಲು ಮುಚ್ಚಿದ. ಇಬ್ಬರೂ, ಒಬ್ಬರು ಬಸ್ಸಿನಲ್ಲಿ ಒಬ್ಬರು ರಸ್ತೆಯಲ್ಲಿ, ಹೊರಗಿದ್ದರು.

ಮರುದಿನ ಬೆಳಿಗ್ಗೆ ಮೇಷ್ಟ್ರಿಗೆ ಬೂಟು ಹಾಕಿಕೊಳ್ಳುವ ಕೆಲಸವಿರಲಿಲ್ಲ. ಬಾಗಿಲ ಬಳಿ ಸುಮ್ಮನೆ ಕೂತಿದ್ದರು. ಒಳಗೆ ಅಜ್ಜಿ ಮುಖ ತೊಳೆದು ಮಣೆಯ ಮೇಲೆ ಕೂತು ಪುಸ್ತಕ ತೆರೆದರು. ಈ ಸಲ ತೆರೆದೇ ಇಟ್ಟುಕೊಂಡರು. ಮೊಮ್ಮಗಳು ಒದ್ದೆ ಕೂದಲಲ್ಲೇ ಪಕ್ಕದಲ್ಲಿ ಬಂದು ಕೂತಳು.

"ನಿನ್ನ ಬಸ್ಸು?"

"ನೀವು ಶುರುಮಾಡಿ ಅಜ್ಜಿ. ಹನ್ನೊಂದನೇದು ಬಂದಾಗ ನಾನು ಹೇಳ್ತೀನಿ."

ದನಿ ಏರಿತು. ಮೂರನೆಯ ಪದ್ಯಕ್ಕೆ ಅಡಿಗೆಮನೆಯಲ್ಲಿ ಒಲೆ ಆರಿದ ಸದ್ದು ಕೇಳಿತು. ಹನ್ನೊಂದನೆಯದರ ನಡುವೆ ಅಜ್ಜಿ ನಿಂತರು. ಹುಡುಗಿ ಬಾಯಿ ತೆರೆದಳು. ಅಜ್ಜಿ ತಡಿ ಎಂಬಂತೆ ಕೈ ಎತ್ತಿ, ಬೆರಳನ್ನು ಹಾಳೆಯ ನಡುವಿನ ತಗ್ಗಿಗೆ ತಂದು, ಅದರ ಗುಂಟ ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಎಳೆದರು. ಆಮೇಲೆ ಸಾಲು ತಾನಾಗಿ ಬಂತು.